ಬೆಕ್ಕು ಪಿಯಾನೋ ಬಾರಿಸುತ್ತಲ್ಲ, ಆ ಸಂಗೀತ ಯಾರದು?

ಬಸವನಗುಡಿ ತಾತ:
ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗಳನ್ನು ಕೇಳುತ್ತಾ ಬೆಳೆದವನು ನಾನು. ಪಿಯಾನೋ ಮಾತ್ರ ಒಂಚೂರೂ ಗೊತ್ತಿಲ್ಲ. ಈಗ ಮೊಮ್ಮಗ ಟಾಮ್ ಅಂಡ್ ಜೆರ್ರಿಯ ಒಂದೇ ಕಥೆಯನ್ನು ದಿನಕ್ಕೆ ನಾಲ್ಕು ಸಲ ಹಾಕಿಸಿಕೊಳ್ಳುತ್ತಾನೆ. ಟಾಮ್ ಕರಿ ಕೋಟು ತೊಟ್ಟು ಪಿಯಾನೋ ಮುಂದೆ ಕೂರುತ್ತಾನೆ. ಜೆರ್ರಿ ಒಳಗೇ ಮಲಗಿರುತ್ತಾನೆ. ಆಮೇಲೆ ಮಾತಿಲ್ಲ ಕಥೆಯಿಲ್ಲ, ಬರೀ ಜಗಳ, ಬರೀ ಸಂಗೀತ. ನಿನ್ನೆ ಹುರುಳಿಕಾಯಿ ನಾರು ತೆಗೆಯುತ್ತಾ ಅದನ್ನೇ ಗುನುಗುತ್ತಿದ್ದೆ, ನಮ್ಮ ಮನೆಯವರು ನಕ್ಕರು. ಹುಡುಗನ ಕೀಬೋರ್ಡ್ ಮೇಷ್ಟ್ರನ್ನು ಕೇಳಿದರೆ, "ಕಾರ್ಟೂನ್ ಮ್ಯೂಸಿಕ್ ಸಾರ್, ಬಿಡಿ" ಅಂದುಬಿಟ್ಟರು. ನಿಜವಾಗಲೂ ಕಾರ್ಟೂನಿಗೇ ಮಾಡಿದ್ದಾ?

ಜಯನಗರ ನಾಲ್ಕನೇ ಬ್ಲಾಕ್:
ಅಲ್ಲ ಸಾರ್! ಫ್ರಾಂಜ್ ಲಿಸ್ಟ್‌ನ ಹಂಗೇರಿಯನ್ ರಾಪ್ಸೊಡಿ, ನಂಬರ್ 2. ಬರೆದದ್ದು 1847ರಲ್ಲಿ. ನಿಮ್ಮ ಕಾರ್ಟೂನ್ 'ದಿ ಕ್ಯಾಟ್ ಕನ್ಸರ್ಟೊ' ಬಂದದ್ದು 1947ರಲ್ಲಿ, ಆಸ್ಕರ್ ಕೂಡ ಗೆದ್ದಿತು. ಮೊದಲ ಭಾಗ ನಿಧಾನ, ಅದಕ್ಕೆ ಲಾಸ್ಸನ್ ಅಂತಾರೆ. ಎರಡನೆಯದು ಫ್ರಿಸ್ಕಾ, ಒಂದೇ ಓಟ. ಕಾರ್ಟೂನ್ ಇಲ್ಲದೆ ಒಮ್ಮೆ ಪೂರ್ತಿ ಕೇಳಿ, ಹತ್ತು ನಿಮಿಷ ಅಷ್ಟೇ.

ವಿಜಯನಗರದವನು:
ತಮಾಷೆ ಏನು ಗೊತ್ತಾ? 1946ರಲ್ಲಿ ಬಗ್ಸ್ ಬನ್ನಿ ಮೊಲವೂ ಇದನ್ನೇ ಬಾರಿಸಿತ್ತು. ನೀವು ಕದ್ದಿರಿ, ನೀವು ಕದ್ದಿರಿ ಅಂತ ಎರಡು ಸ್ಟುಡಿಯೋಗಳು ಕಿತ್ತಾಡಿಕೊಂಡವು. ಮೊಮ್ಮಗನಿಗೆ 1940ರ 'ಫ್ಯಾಂಟೇಸಿಯಾ'ದ ಪೊರಕೆ ಕಥೆಯನ್ನೂ ತೋರಿಸಿ. ಸಂಗೀತ ಪಾಲ್ ಡ್ಯುಕಾಸ್‌ದು. ಮಿಕ್ಕಿ ಮೌಸ್ ಪೊರಕೆಗೆ ಮಂತ್ರ ಹಾಕಿ ನೀರು ಹೊರಿಸುತ್ತಾನೆ, ನಿಲ್ಲಿಸೋದು ಗೊತ್ತಿಲ್ಲ, ಮನೆಯೆಲ್ಲ ನೀರು. ಟ್ಯಾಂಕರ್‌ಗೆ ಕಾಯುತ್ತಿರುವ ದಿನ ಮಾತ್ರ ನೋಡಬೇಡಿ, ಹೊಟ್ಟೆ ಉರಿಯುತ್ತೆ.

ಬಸವನಗುಡಿ ತಾತ:
ಇಬ್ಬರಿಗೂ ಥ್ಯಾಂಕ್ಸ್. ರಾತ್ರಿ ಇಯರ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿದೆ. ನಿಧಾನದ ಭಾಗ ಇಷ್ಟು ಗಂಭೀರ ಅಂತ ಅಂದುಕೊಂಡಿರಲಿಲ್ಲ. ಮುಂದಿನದರಲ್ಲಿ ಮಾತ್ರ ಮರ್ಯಾದೆ ಹೋಯಿತು. ಯಾವನೋ ದೊಡ್ಡ ವಿದ್ವಾಂಸ ಬಾರಿಸುತ್ತಿದ್ದರೆ, ನನಗೆ ಟಾಮ್‌ನ ಬೆರಳು ಇಲಿಬೋನಿಗೆ ಸಿಕ್ಕಿದ್ದೇ ಕಣ್ಣಿಗೆ ಬಂದು ಒಬ್ಬನೇ ನಗುತ್ತಿದ್ದೆ. ಕೊನೆಯಲ್ಲಂತೂ ಮುಗಿಯಿತು ಅಂದುಕೊಂಡರೆ ಮತ್ತೆ ಶುರು! ಮಂಗಳ ಹಾಡಿದರು ಅಂತ ಚಪ್ಪಲಿ ಹುಡುಕುವವನನ್ನು ಮತ್ತೆ ಕರೆದು ಕೂರಿಸಿದ ಹಾಗೆ.

ಮೊಮ್ಮಗ ಒಂದು ಕಿವಿಯದ್ದು ಕಿತ್ತುಕೊಂಡು ಕೇಳಿದ. ಎರಡೇ ನಿಮಿಷ. "ತಾತ, ಜೆರ್ರಿ ಎಲ್ಲಿ?" ಅಂತ ವಾಪಸ್ ಕೊಟ್ಟ. ಪೊರಕೆದು ಭಾನುವಾರಕ್ಕೆ ಇಟ್ಟುಕೊಂಡಿದ್ದೇವೆ.