ಕೊಯ್ನಾ ಹಿನ್ನೀರಿನ ಆಚೆ ದಂಡಿಗೆ ಟೆಂಟಿನ್ಯಾಗ ಒಂದ್ ರಾತ್ರಿ: ಲಾಂಚ್, ಪರ್ಮಿಶನ್, ಜಾಗಾ ಹೆಂಗ?

ಜತ್ತದಂವ:
ನಮಸ್ಕಾರ್ರಿ ಎಲ್ಲಾರಿಗೂ. ಡಿಸೆಂಬರ್ ಕಡೀಕ ನಾವು ಎರಡು ಮನಿ ಮಂದಿ, ಸಣ್ಣ ಹುಡುಗ್ರು, ಜೋಡಿಗೆ ನಮ್ಮ ಅಪ್ಪಾಜಿ, ಶಿವಸಾಗರ ಅಂದ್ರ ಕೊಯ್ನಾ ಡ್ಯಾಮಿನ ಹಿನ್ನೀರಿನ ದಂಡಿಗೆ ಟೆಂಟ್ ಹಾಕಿ ಒಂದ್ ರಾತ್ರಿ ಇರಬೇಕಂತ ಮಾಡೇವಿ. ಕಾರ್ ನಿಲ್ಲಿಸಿ ಬ್ಯಾಗ್ ಇಳಸೂ ರಿಸಾರ್ಟ್ ಬ್ಯಾಡ್ರಿ, ಲಾಂಚಿನ್ಯಾಗ ದಾಟಿ ಹೋಗೂವಂಥ ಜಾಗಾ ಬೇಕು. ಇದು ಅಪ್ಪಾಜೀದ ಭಾಳ ದಿನದ ಆಸೆ. ನಮ್ಮ ಕಡೆ ಕೃಷ್ಣಾ ಹೊಳಿಯಿಂದ ನೀರೆತ್ತೂ ಮ್ಹೈಸಾಳ ಯೋಜನೆ ನೀರು ಬಂದ ಮ್ಯಾಲೆ ಹೊಲದಾಗ ದ್ರಾಕ್ಷಿ ಉಳದಾವು, ಬ್ಯಾಸಿಗ್ಯಾಗ ಕೃಷ್ಣಾಕ್ಕ ಆ ನೀರು ಕೊಯ್ನಾದಿಂದನ ಬಿಡೂದು ಅಂತ ಗೊತ್ತಾದಾಗಿಂದ "ಅದು ತುಂಬಿ ನಿಂತದ್ದು ಒಮ್ಮೆ ಕಣ್ಣಾರೆ ನೋಡೂಣು" ಅಂತಾರ.

ಫೋನಿನ್ಯಾಗ ಒಬ್ಬ ಏಜೆಂಟ್ "ವಾಸೋಟಾ ಗಡದ ಬುಡಕ್ಕ, ಕಾಡಿನ್ಯಾಗನ ರಾತ್ರಿ ಮಲಗಸ್ತೀವಿ, ಪರ್ಮಿಶನ್ ನಾವ್ ನೋಡ್ಕೋತೀವಿ, ರೊಕ್ಕ ಪೂರ್ತಿ ಮೊದಲ ಹಾಕ್ರಿ" ಅಂದ. ಇದು ಖರೇ ಆಗತೈತೇನು? ಟೆಂಟ್ ನಮ್ಮದ ಒಯ್ಬೇಕೋ ಅಲ್ಲೇ ಸಿಗತಾವೋ? ಥಂಡಿ ಎಷ್ಟಿರತೈತಿ? ಇನ್ನೊಂದು, ನಮ್ಮ ಅವ್ವ "ಅದು ಭೂಕಂಪದ ನೆಲಾ, ಹುಡುಗ್ರನ್ನ ಕರ್ಕೊಂಡ್ ಹೋಗಬ್ಯಾಡ್ರಿ" ಅನ್ನಾಕತ್ಯಾಳ, ಅಕಿಗೆ ಏನ್ ಹೇಳ್ಲಿ?

ಗಡಹಿಂಗ್ಲಜದವ, ಈಗ ಸಾತಾರಾದಾಗ:
ಅಣ್ಣಾರ, ಮೊದಲನೇ ಮಾತು, ಆ ಏಜೆಂಟಗ ಒಂದ್ ಪೈಸಾನೂ ಹಾಕಬ್ಯಾಡ್ರಿ. ವಾಸೋಟಾ ಇರೂದು ಕೊಯ್ನಾ ಅಭಯಾರಣ್ಯದಾಗ, 2010ರಿಂದ ಅದು ಚಾಂದೋಲಿ ರಾಷ್ಟ್ರೀಯ ಉದ್ಯಾನದ ಜೋಡಿ ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶಕ್ಕ ಸೇರೈತಿ. ಅಲ್ಲಿ ರಾತ್ರಿ ಉಳಿಯೂ ಹಂಗಿಲ್ಲ. ಹಿನ್ನೀರಿನ ದಂಡಿಗಿರೂ ಬಾಮಣೋಲಿ ಊರಾಗ ಅರಣ್ಯ ಇಲಾಖೆಯವರ ಕಡೆ ಹೆಸರು ಬರಸಿ, ಗುರುತಿನ ಚೀಟಿ ತೋರಿಸಿ, ಮುಂಜಾನೆ ಲಾಂಚಿಗೆ ಹೋಗಬೇಕು, ಸಂಜಿಯೊಳಗ ವಾಪಸ್ ಬರಬೇಕು. ಕಾಡೆಮ್ಮಿ, ಕರಡಿ, ಚಿರತಿ ಎಲ್ಲಾ ಅದಾವು ಆ ಕಾಡಿನ್ಯಾಗ, ನೀರಿಗೆ ಬರೂದು ರಾತ್ರಿನ, ಹಂಗಾಗಿ ಆ ನಿಯಮ ಇರೂದು ಭಾಳ ಚಲೋ ಐತಿ ಅಂತ ನನ್ನ ಅಭಿಪ್ರಾಯ, ಅದನ್ನ ಮುರಿಯೂ ಮಂದಿಗೆ ಗಿರಾಕಿ ಸಿಗಬಾರ್ದು.

ನಿಮಗ ಬೇಕಾದ್ದು ಅಭಯಾರಣ್ಯದ ಹೊರಗ ಸಿಗತೈತಿ. ಬಾಮಣೋಲಿ, ಶೆಂಬಡಿ, ತಾಪೋಳಾ ಸುತ್ತಮುತ್ತ ಊರಾಗಿನ ಮಂದಿ ತಮ್ಮ ಸ್ವಂತ ಹೊಲದಾಗ ಟೆಂಟ್ ಹಾಕಿ ಕೊಡ್ತಾರ, ಊಟಾನೂ ಅವ್ರ ಮನೀದ. ಫೋನ್ ಮಾಡಿದಾಗ ಎರಡು ಮಾತು ಬಿಡದಂಗ ಕೇಳ್ರಿ: ಜಾಗಾ ನಿಮ್ಮ ಸ್ವಂತದ್ದೇನು, ಅಲ್ಲಿಗೆ ಲಾಂಚ್ ಹೋಗತೈತೇನು. ಗಾಡಿ ಬಾಮಣೋಲಿ ಒಳಗ ಬಿಟ್ಟು ಅಲ್ಲಿಂದ ನೀರಿನ ಮ್ಯಾಲೆ ಹೋಗಬಹುದು. ಬಾಡಿಗಿ ಸಾಮಾನ್ಯವಾಗಿ ಪೂರಾ ಲಾಂಚಿಗೆ, ತಲಿಗೆ ಇಷ್ಟು ಅಂತ ಅಲ್ಲ, ಎರಡು ಮನಿ ಮಂದಿ ಕೂಡಿದ್ದು ಅದಕ್ಕ ಚಲೋ ಆತು.

ಮಧ್ಯಾಹ್ನದೊಳಗ ದಾಟ್ರಿ. ಹೊತ್ತು ಏರಿದಂಗ ಕಣಿವಿಯೊಳಗ ಗಾಳಿ ಏಳತೈತಿ, ನೀರು ಕುಲುಕತೈತಿ, ಹುಡುಗ್ರು ಹೆದರತಾವು, ಕತ್ತಲಾದ ಮ್ಯಾಲಂತೂ ಲಾಂಚಿನ ಮಾತ ಬ್ಯಾಡ. ಜತ್ತದಿಂದ ಮಿರಜ, ಸಾಂಗಲಿ, ಪೇಠ ನಾಕಾ, ಕರಾಡ ಹಿಡದು ಸಾತಾರಾ, ಅಲ್ಲಿಂದ ಕಾಸ ಪಠಾರದ ಘಾಟ್ ರೋಡ್. ನಸಿಕಿನ್ಯಾಗ ಬಿಡ್ರಿ. ಕರಾಡದಾಗ ಪ್ರೀತಿಸಂಗಮಕ್ಕ ಅರ್ಧಾ ತಾಸು ನಿಲ್ರಿ, ಕೊಯ್ನಾ ಬಂದು ಕೃಷ್ಣಾಕ್ಕ ಕೂಡೂದು ಅಲ್ಲೇ, ಅಪ್ಪಾಜಿಗೆ ಅದನ್ನ ತೋರಸಲಿಲ್ಲ ಅಂದ್ರ ಪ್ರವಾಸ ಅರ್ಧಾ ಆದಂಗ.

ಭೂಕಂಪದ್ದು, ಅವ್ವಾರು ಹೇಳೂದು ಖರೇ, 1967ರ ಡಿಸೆಂಬರ್ 11ರ ನಸಿಕಿನ್ಯಾಗ ಆದದ್ದು ಭಾಳ ದೊಡ್ಡದು, ಮನಿ ಬಿದ್ದು ಮಂದಿ ಸತ್ತರು. ಸಣ್ಣ ಸಣ್ಣ ನಡಕ ಈಗೂ ಬರತಾವು, ಭಾಳಷ್ಟು ಮಂದೀಗೆ ತಿಳಿಯೂದೂ ಇಲ್ಲ. ಭೂಕಂಪದಾಗ ಜೀವ ತಗೊಳ್ಳೂದು ಹೆಚ್ಚಾಗಿ ಬೀಳೂ ಗ್ವಾಡಿ, ಅರಿವಿ ಟೆಂಟಿನ್ಯಾಗ ಆ ಅಂಜಿಕಿ ಇಲ್ಲ ಅಂತ ತಿಳಸಿ ಹೇಳ್ರಿ. ಕಡಿದಾದ ದಿನ್ನಿ ಬುಡಕ್ಕ ಮಾತ್ರ ಟೆಂಟ್ ಬ್ಯಾಡ.

ಅಕ್ಕಲಕೋಟ ಅಕ್ಕ:
ತಮ್ಮಾ, ಹುಡುಗ್ರು ಬರ್ತಾವ ಅಂದದ್ದಕ್ಕ ಬರ್ಯಾಕತ್ತೀನಿ. ನಾವು ಹೋದಾಗ ಥಂಡಿಗಿಂತ ಇಬ್ಬನಿದ ಕಾಟ ಹೆಚ್ಚಿತ್ತು, ನೀರಿನ ದಂಡಿ ಅಂದ್ಮ್ಯಾಲೆ ರಾತ್ರಿ ಟೆಂಟಿನ ಅರಿವಿ ಹೊರಗೂ ಒಳಗೂ ತೊಯ್ತದ, ಹೊದ್ಕೊಳ್ಳೂದು ಅದಕ್ಕ ತಾಗಿತಂದ್ರ ಅದೂ ಹಸಿ ಆಗ್ತದ. ಹಾಸಗಿ, ಸ್ವೆಟರ್, ಕಾಲಚೀಲ ಎಲ್ಲಾ ದಪ್ಪ ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಒಯ್ರಿ, ಲಾಂಚಿನ್ಯಾಗ ನೀರು ಸಿಡಿದ್ರೂ ಚಿಂತಿ ಇಲ್ಲ. ಅಪ್ಪಾರಿಗೆ ಕೆಳಗ ಚಾಪಿ ಮ್ಯಾಲೆ ಎರಡು ಕೌದಿ ಹಾಸ್ರಿ, ಥಂಡಿ ನೆಲದಿಂದನ ಏರೂದು, ಮ್ಯಾಲೆ ಎಷ್ಟ ಹೊದ್ದರೂ ಅಷ್ಟ. ಥಂಡಿ ಅಂತ ಟೆಂಟಿನ ಒಳಗ ಶೆಗಡಿ, ಕೆಂಡ ಇಡಬ್ಯಾಡ್ರಿ, ಕೈಮುಗದು ಹೇಳ್ತೀನಿ, ಮುಚ್ಚಿದ ಜಾಗಾದಾಗ ಅದರ ಗ್ಯಾಸಿಗೆ ವಾಸನಿ ಇಲ್ಲ ಬಣ್ಣ ಇಲ್ಲ, ಮಲ್ಕೊಂಡವ್ರು ಏಳೂದಿಲ್ಲ.

ಹುಡುಗ್ರನ್ನ ನೀರಿಗೆ ಒಬ್ಬೊಬ್ಬರನ್ನ ಬಿಡಬ್ಯಾಡ್ರಿ. ಇದು ಕೆರಿ ಅಲ್ಲ, ಮುಳುಗಿದ ಕಣಿವಿ, ಎರಡು ಹೆಜ್ಜಿ ಮೊಣಕಾಲ ತನಕ ಇದ್ದದ್ದು ಮೂರನೇ ಹೆಜ್ಜಿಗೆ ತಳಾನ ಇರೂದಿಲ್ಲ. ಲೈಫ್ ಜಾಕೆಟ್ ಸಣ್ಣ ಸೈಜಿಂದು ಅದ ಏನು ಅಂತ ಮೊದಲ ಕೇಳ್ರಿ, ದೊಡ್ಡವರದ್ದು ಹಾಕಿದ್ರ ಕೂಸು ಅದರೊಳಗಿಂದ ಜಾರ್ತದ. ಊಟಕ್ಕ ಪಿಠಲೆ ಭಾಕರಿ ಬಿಸಿಬಿಸಿ ಮಾಡಿ ಕೊಡ್ತಾರ, ನಾವು ಕಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ದಿದ್ವಿ, ನಡುವ ಹಸಿವ್ಯಾದಾಗ ಅದ ಆಧಾರ. ಅಪ್ಪಾರ ಗುಳಿಗಿ ಎರಡು ದಿನದ್ದು ಹೆಚ್ಚಿಗಿ ಇರ್ಲಿ. ಹೆಣ್ಮಕ್ಕಳಿಗೆ ಸಂಡಾಸ ಎಷ್ಟು ದೂರ, ದಾರೀಗೆ ಬೆಳಕು ಅದ ಏನು ಅನ್ನೂದು ನಾಚಗೊಳ್ಳದ ಕೇಳ್ರಿ.

ಜತ್ತದಂವ:
ಅಕ್ಕಾರ, ಅಣ್ಣಾರ, ಭಾಳ ಉಪಕಾರ ಆತು. ಏಜೆಂಟಗ ಬ್ಯಾಡಂತ ಹೇಳಿಬಿಟ್ಟೆ. ಈಗ ಒಂದು ತೊಡಕು, ಡಿಸೆಂಬರ್‌ನ್ಯಾಗ ದ್ರಾಕ್ಷಿ ಕೆಲಸ ಇರತೈತಿ, ತಮ್ಮ "ಮೇ ತಿಂಗಳ ಸೂಟಿಗೆ ಹೋಗೂಣು" ಅನ್ನಾಕತ್ಯಾನ. ಆಗ ನಡೀತೈತೇನ್ರಿ?

ಸಾಂಗಲಿ ಹೊಳಿದಂಡಿಯಂವ:
ಮೇ ಬ್ಯಾಡ್ರಿ. ಮಳಿಗಾಲದಾಗ ನಾವು ಸಾಂಗಲಿಯವ್ರು ಮುಂಜಾನೆ ಎದ್ದ ಕೂಡಲೇ ನೋಡೂದು ಕೊಯ್ನಾದಾಗ ಎಷ್ಟು ಟಿಎಂಸಿ ಆತು ಅಂತ, 2019ರ ಮಹಾಪೂರ ಆದ ಮ್ಯಾಲಂತೂ ಹುಡುಗ್ರಿಗೂ ಆ ಲೆಕ್ಕ ಬಾಯಿಪಾಠ. ಪೂರ್ತಿ ತುಂಬಿದ್ರ 105 ಟಿಎಂಸಿ ಮ್ಯಾಲೆ. ಅದು ಹಂಗ ನಿಲ್ಲೂ ನೀರಲ್ಲ. ಒಂದ್ ಕಡೆ ಡ್ಯಾಮಿನ ಕೆಳಗ ನಮ್ಮ ಕೃಷ್ಣಾಕ್ಕ ಬಿಡ್ತಾರ, ಇನ್ನೊಂದ್ ಕಡೆ ಗುಡ್ಡದೊಳಗ ಸುರಂಗ ಕೊರದು ಪಶ್ಚಿಮಕ್ಕ ಪೋಫಳಿ ಪವರ್‌ಹೌಸಿಗೆ ಇಳಸ್ತಾರ, ಆ ನೀರು ಕರೆಂಟ್ ಮಾಡಿ ಚಿಪಳೂಣ ಕಡೆ ಹೋಗತೈತಿ, ಮತ್ತ ನಮ್ಮ ಕಡೆ ಬರೂದಿಲ್ಲ. ಹಿಂಗ ಎರಡೂ ಕಡೆ ಖರ್ಚಾಗಿ ಬ್ಯಾಸಿಗಿ ಕಡೀಕ ನೀರು ಭಾಳ ಕೆಳಗ ಇಳದಿರತೈತಿ, ತಾಪೋಳಾ ಬಾಮಣೋಲಿ ಇರೂದು ಹಿನ್ನೀರಿನ ಬಾಲದ ಕಡೆ, ಮೊದಲ ಬತ್ತೂದು ಅಲ್ಲೇ. ಅಕ್ಟೋಬರಿನ್ಯಾಗ ಟೆಂಟಿನ ಬಾಗಲಾಗ ಇದ್ದ ನೀರು ಮೇ ತಿಂಗಳಾಗ ಎಲ್ಲೋ ಕೆಳಗ, ನಡುವ ಬಿರಕು ಬಿಟ್ಟ ಕೆಸರು. ಮ್ಯಾಲೆ ಒಣಗಿದಂಗ ಕಾಣತೈತಿ, ಕಾಲಿಟ್ರ ತೊಡಿತನಕ ಹುಗಿಯೂದು, ಲಾಂಚಿನಿಂದ ಇಳದು ಅಪ್ಪಾರನ್ನ ಆ ಏರು ಹತ್ತಸೂದು ಆಗೂ ಮಾತಲ್ಲ. ಅವ್ರಿಗೆ ತುಂಬಿದ್ದು ನೋಡಬೇಕಂದ್ರ ಬರೂ ವರ್ಷ ದೀಪಾವಳಿ ಸೂಟಿ ಇಟ್ಕೋರಿ, ಇಲ್ಲಾಂದ್ರ ಈ ಡಿಸೆಂಬರ್‌ನ್ಯಾಗನ ಎರಡು ದಿನ ಬಿಡುವು ಮಾಡ್ಕೋರಿ.

ಗಡಹಿಂಗ್ಲಜದವ, ಈಗ ಸಾತಾರಾದಾಗ:
ಸಾಂಗಲಿಯವ್ರು ಹೇಳಿದ್ದು ಬರೋಬ್ಬರಿ. ಇನ್ನೊಂದ್ ಮಾತು ಬಿಟ್ಟಿತ್ತು. ಆಚೆ ಕಾಂದಾಟಿ ಕಣಿವಿ ಊರಾಗಿನ ಮಂದಿಗೆ ಪ್ಯಾಟಿಗೆ, ದವಾಖಾನಿಗೆ ಬರಾಕ ಲಾಂಚ್ ಬಾಳ ಆಧಾರ, ಡ್ಯಾಮಿನ ನೀರು ಬಂದು ಹಳೇ ದಾರಿ ಮುಳುಗಿದ ಊರು ಅವು. ಲಾಂಚ್ ಹತ್ತೂ ಕಟ್ಟಿ ಮ್ಯಾಲೆ ಪ್ಯಾಶೆಂಟ್, ಮುದುಕರು ನಿಂತಿದ್ರ ಮೊದಲ ಅವ್ರನ್ನ ಬಿಡ್ರಿ. ಸ್ಪೀಕರ್ ಒಯ್ಯಬ್ಯಾಡ್ರಿ, ನೀರಿನ ಮ್ಯಾಲೆ ಸದ್ದು ಆಚೆ ದಂಡಿತನಕ ಹೋಗತೈತಿ. ಬಾಟ್ಲಿ, ಪ್ಲಾಸ್ಟಿಕ್ ಪೂರಾ ವಾಪಸ್ ತರ್ರಿ, ಎಂಜಲ ಭಾಂಡಿ ಸೋಪ್ ಹಾಕಿ ಹಿನ್ನೀರಿನ್ಯಾಗ ತೊಳಿಬ್ಯಾಡ್ರಿ, ಅದನ್ನ ಕುಡಿಯೂ ಮಂದಿ ಅದಾರ.

ಜತ್ತದಂವ:
ಹಂಗಾರ ಡಿಸೆಂಬರ್‌ನ್ಯಾಗನ ಹೋಗೂದು ಪಕ್ಕಾ ಮಾಡಿದ್ವಿ, ಎರಡು ದಿನ ತೋಟ ನೋಡ್ಕೊಳ್ಳಾಕ ಸೋದರಮಾವ ಒಪ್ಪ್ಯಾರ. ಅವ್ವಗ ಗ್ವಾಡಿ ಮಾತು ತಿಳಸಿ ಹೇಳಿದೆ, "ಹಂಗಾರ ನಾನೂ ಬರ್ತೀನಿ" ಅಂದ್ಲು, ಒಂದ್ ಕೌದಿ ಹೆಚ್ಚಿಗಿ ಕಟ್ಟಾಕತ್ತೀವಿ. ಶೆಂಬಡಿ ಕಡೆ ಸ್ವಂತ ಹೊಲದಾಗ ಟೆಂಟ್ ಹಾಕೂ ಮನೆತನ ಯಾರಿಗರ ಗೊತ್ತಿದ್ರ ಇಲ್ಲಿ ನಂಬರ್ ಹಾಕಬ್ಯಾಡ್ರಿ, ನನಗ ಮೆಸೇಜ್ ಮಾಡ್ರಿ.