ಡೈ ಶಾಯಿಯ ಚಿತ್ರ ಮಾಸುವುದು ತೇವದಿಂದಲೋ, ಗಾಳಿಯಿಂದಲೋ?

ಕುಂಬಳೆಯ ಸ್ಟುಡಿಯೋದವ:
ನಾನು ಡೈ ಶಾಯಿಯಲ್ಲಿ (ದ್ರವದಲ್ಲಿ ಕರಗಿದ ಬಣ್ಣದ ಶಾಯಿಯಲ್ಲಿ) ಇಂಕ್‌ಜೆಟ್‌ನಲ್ಲಿ ಮುದ್ರಿಸಿಕೊಟ್ಟ ಯಕ್ಷಗಾನ ವೇಷದ ಚಿತ್ರವೊಂದು ಚಾವಡಿಯ ಗೋಡೆಯಲ್ಲಿ ಗಾಜಿಲ್ಲದೆ ಎರಡು ವರ್ಷ ತೂಗಿ, ಹಸಿರೆಲ್ಲ ಹಳದಿಗೂ ಮುಖದ ಬಣ್ಣ ಕಿತ್ತಳೆಗೂ ತಿರುಗಿದೆ. ಕಾರಣ ತಿಳಿಯಲೆಂದು ಒಂದೇ ಬಣ್ಣಪಟ್ಟಿಯ ಎರಡು ಪ್ರತಿಗಳನ್ನು ಸೂಕ್ಷ್ಮರಂಧ್ರದ ಹೊಳಪು ಕಾಗದದಲ್ಲಿ ಮುದ್ರಿಸಿ, ಒಂದು ದಿನ ಒಣಗಿಸಿ, ಒಂದನ್ನು ಕಲ್ಲುಪ್ಪಿನ ಪರ್ಯಾಪ್ತ ದ್ರಾವಣವಿದ್ದ (ಇನ್ನು ಕರಗದಷ್ಟು ಉಪ್ಪು ಬೆರೆತ ನೀರಿದ್ದ) ಮುಚ್ಚಿದ ಗಾಜಿನ ಭರಣಿಯಲ್ಲಿ, ಅಂದರೆ ಶೇಕಡಾ 75ರ ಆರ್ದ್ರತೆಯಲ್ಲಿ, ಇನ್ನೊಂದನ್ನು ಗಾಳಿಯಾಡುವ ಕತ್ತಲೆಯ ಅಟ್ಟದಲ್ಲಿ ಇಟ್ಟೆ. ಮಳೆಗಾಲದ ಆಟಿ ತಿಂಗಳು ಮುಗಿಯುವಾಗ ಭರಣಿಯದು ಹಾಗೆಯೇ ಇತ್ತು, ಅಟ್ಟದ್ದರಲ್ಲಿ ಸಯಾನ್ ಎಂಬ ಹಸಿರುನೀಲಿ ಬಣ್ಣ ಮಾಸಿತ್ತು. ತಪ್ಪು ತೇವದ್ದಲ್ಲ, ಗಾಳಿಯಲ್ಲಿರುವ ಓಝೋನ್ ಅನಿಲದ್ದು.

ಬದಿಯಡ್ಕದ ಟೀಚರ್:
ಶೇಕಡಾ 75 ಎಂಬುದು ಶುದ್ಧ ಸೋಡಿಯಂ ಕ್ಲೋರೈಡಿಗೆ ಸಲ್ಲುವ ಅಂಕಿ. ಕಲ್ಲುಪ್ಪಿನಲ್ಲಿ ಮೆಗ್ನೀಷಿಯಂ ಕ್ಲೋರೈಡೂ ಇರುತ್ತದೆ; ಮಳೆಗಾಲದಲ್ಲಿ ಉಪ್ಪಿನ ಮರಿಗೆ ನೀರು ಬಿಡುವುದು ಮುಖ್ಯವಾಗಿ ಅದರಿಂದ. ಅದೊಂದರದೇ ಪರ್ಯಾಪ್ತ ದ್ರಾವಣವಾದರೆ ಆರ್ದ್ರತೆ ಶೇಕಡಾ 33ರ ಸುತ್ತ ನಿಲ್ಲುತ್ತದೆ. ತಮ್ಮ ಭರಣಿಯೊಳಗೆ ಎಷ್ಟಿತ್ತೆಂದು ಹೇಗೆ ನಂಬುವುದು?

ಕುಂಬಳೆಯ ಸ್ಟುಡಿಯೋದವ:
ಒಳಗೆ ಆರ್ದ್ರತೆಯ ಮಾಪಕವನ್ನೂ ಇಟ್ಟಿದ್ದೆ, ಟೀಚರ್. ಅದು 73 ತೋರಿಸಿತು. ಕರಗದ ಹರಳು ತಳದಲ್ಲಿ ಕೊನೆಯವರೆಗೂ ಉಳಿದಿತ್ತು.

ಬದಿಯಡ್ಕದ ಟೀಚರ್:
ಆ ಮಾಪಕ ಸರಿಯಿದೆಯೆಂದು ಯಾವುದರಿಂದ ಪರೀಕ್ಷಿಸಿದಿರಿ?

ಕುಂಬಳೆಯ ಸ್ಟುಡಿಯೋದವ:
ಅದೇ ಕಲ್ಲುಪ್ಪಿನಿಂದ.

ಬದಿಯಡ್ಕದ ಟೀಚರ್:
ಹಾಗಾದರೆ ಉಪ್ಪಿಗೆ ಮಾಪಕ ಸಾಕ್ಷಿ, ಮಾಪಕಕ್ಕೆ ಉಪ್ಪು ಸಾಕ್ಷಿ. ಇದನ್ನು ಪರೀಕ್ಷೆಯೆಂದು ಕರೆಯಲು ನಾನು ಒಪ್ಪುವುದಿಲ್ಲ.

ಮಂಜೇಶ್ವರದ ಮುದ್ರಕ:
ಉಪ್ಪಿನ ಜಗಳದಲ್ಲಿ ಬಣ್ಣವನ್ನೇ ಮರೆಯುತ್ತಿದ್ದೀರಿ. 2000ರಲ್ಲಿ ಪ್ರಿಂಟರ್ ಕಂಪನಿ ಎಪ್ಸನ್ನಿನ ಹೊಳಪು ಕಾಗದದ ಮೇಲಿನ ಚಿತ್ರಗಳು ಕಿತ್ತಳೆಗೆ ತಿರುಗಿದಾಗಲೂ ಮೊದಲು ಹೋದದ್ದು ಸಯಾನ್, ಕಾರಣವೆಂದು ಕಂಡುಬಂದದ್ದು ಗಾಳಿಯ ಓಝೋನ್. ಸೂಕ್ಷ್ಮರಂಧ್ರದ ಲೇಪದೊಳಗೆ ಗಾಳಿ ಸರಾಗವಾಗಿ ಹೊಕ್ಕು ಡೈಯನ್ನು ಉತ್ಕರ್ಷಿಸಿ ಬಣ್ಣಗೆಡಿಸುತ್ತದೆ. ತೇವಕ್ಕೆ ಇಲ್ಲಿ ಪಾತ್ರವೇ ಇಲ್ಲ.

ನೀರ್ಚಾಲಿನವ:
ಪಾತ್ರವೇ ಇಲ್ಲವೆಂದು ಹೇಗೆ ಹೇಳುತ್ತೀರಿ, ಅಣ್ಣ? ನಮ್ಮ ಮನೆಯಲ್ಲಿ ಮದುಮಗಳ ಸೀರೆಯ ಕೆಂಪು ಅಂಚಿನಿಂದ ಮೆಜೆಂಟಾ ಎಂಬ ನೇರಳೆಗೆಂಪು ಶಾಯಿ ಒಸರಿ ಬಿಳಿ ಹಿನ್ನೆಲೆಗೆ ಹರಡಿ ನಿಂತಿದೆ. ಅದು ಮಳೆಯ ತೇವವಲ್ಲದೆ ಮತ್ತೇನು?

ಮಂಜೇಶ್ವರದ ಮುದ್ರಕ:
ಹರಡುವುದು ಬೇರೆ, ಮಾಸುವುದು ಬೇರೆ. ತಮ್ಮದು ಜೆಲಟಿನ್‌ನಂತೆ ಉಬ್ಬುವ ಲೇಪದ ಕಾಗದವಾಗಿರಬೇಕು. ಆ ಲೇಪ ಓಝೋನನ್ನು ತಡೆಯುತ್ತದೆ, ನೀರನ್ನು ಹೀರುತ್ತದೆ.

ಬದಿಯಡ್ಕದ ಟೀಚರ್:
ಸ್ಟುಡಿಯೋದವರೇ, ಉಪ್ಪಿನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಅದಕ್ಕಿಂತ ದೊಡ್ಡ ತೊಡಕೂ ಇದೆ. ಮುಚ್ಚಿದ ಭರಣಿಯಲ್ಲಿ ಓಝೋನ್ ಗಾಜಿಗೂ ಕಾಗದಕ್ಕೂ ತಗುಲಿ ಬೇಗನೆ ನಾಶವಾಗುತ್ತದೆ, ಆದ್ದರಿಂದ ಅಲ್ಲಿ ತೇವ ಮಾತ್ರ. ಅಟ್ಟದಲ್ಲಾದರೋ ಓಝೋನ್ ಮತ್ತು ಆಟಿಯ ತೇವ ಎರಡೂ ಇದ್ದವು, ಮತ್ತು ಆರ್ದ್ರತೆ ಹೆಚ್ಚಿದಂತೆ ಓಝೋನಿನಿಂದ ಡೈ ಮಾಸುವ ವೇಗವೂ ಹಲವು ಕಾಗದಗಳಲ್ಲಿ ಹೆಚ್ಚುತ್ತದೆ. ಒಣಗಾಳಿ ಹರಿಯುವಲ್ಲಿ ಮೂರನೆಯ ಪಟ್ಟಿಯನ್ನಿಡದೆ ಎರಡನ್ನು ಬೇರ್ಪಡಿಸಲಾಗದು.

ಕುಂಬಳೆಯ ಸ್ಟುಡಿಯೋದವ:
ಆಟಿಯಲ್ಲಿ ಕಾಸರಗೋಡಿನಲ್ಲಿ ಒಣಗಾಳಿಯನ್ನು ಎಲ್ಲಿಂದ ತರಲಿ, ಟೀಚರ್? ನಮ್ಮ ಗಿರಾಕಿಗಳ ಚಿತ್ರಗಳು ತೂಗುವುದು ಈ ಗಾಳಿಯಲ್ಲೇ. ಪ್ರಯೋಗಾಲಯದಲ್ಲಿ ಕುಳಿತು ನಮ್ಮ ಕೆಲಸವನ್ನು ಹೀಗಳೆಯಬೇಡಿ.

ಬದಿಯಡ್ಕದ ಟೀಚರ್:
ಹೀಗಳೆದಿಲ್ಲ. ನನ್ನ ತಂದೆಯ ಒಂದೇ ಒಂದು ಚಿತ್ರ ಉಳಿದಿರುವುದೂ ಇಂಥ ಶಾಯಿಯಲ್ಲೇ. ಅದನ್ನು ಯಾವುದರಿಂದ ಕಾಪಾಡಬೇಕೆಂದು ನನಗೆ ತಿಳಿಯಬೇಕಾಗಿದೆ. ಗಾಳಿ ಒಣಗಿರುವ ಕುಂಭ ಮಾಸದಲ್ಲಿ ಮೂರನೆಯ ಪಟ್ಟಿಯನ್ನಿಡಿ, ಶುದ್ಧ ಉಪ್ಪನ್ನು ನಾನು ಕೊಡುತ್ತೇನೆ.

ನೀರ್ಚಾಲಿನವ:
ಗಾಜಿನ ಚೌಕಟ್ಟು ಹಾಕಿಸಿದರೆ ಸಾಲದೇ?

ಮಂಜೇಶ್ವರದ ಮುದ್ರಕ:
ಗಾಳಿಯ ಓಡಾಟಕ್ಕೆ ತಡೆಯಾಗುತ್ತದೆ. ತೇವವನ್ನು ಅದು ಪೂರ್ತಿ ತಡೆಯುವುದಿಲ್ಲ, ಅದಕ್ಕಾಗಿ ನನ್ನ ಮಾತನ್ನು ಬದಲಿಸುವುದೂ ಇಲ್ಲ.

ಕುಂಬಳೆಯ ಸ್ಟುಡಿಯೋದವ:
ಉಪ್ಪನ್ನು ಕಳುಹಿಸಿ, ಟೀಚರ್, ಪಟ್ಟಿಯನ್ನಿಡುತ್ತೇನೆ. ಆದರೆ ಅಟ್ಟದ ಪಟ್ಟಿಯಲ್ಲಿ ಸಯಾನ್ ಹೋದದ್ದು ನನ್ನ ಕಲ್ಲುಪ್ಪಿನಿಂದಲ್ಲ.