ಹಲ್ಲೆ ಬೇರೆ, ಪರಾರಿ ಬೇರೆ: ಪೊಲೀಸರ ಗುಂಡಿಗೆ ಕಾನೂನಿನ ಮಿತಿ

ಪ್ರಶ್ನೆ: ಮೇಡಂ, ನಮಸ್ಕಾರ. "ಸ್ಥಳ ಮಹಜರಿಗೆ ಕರೆದೊಯ್ದಾಗ ಆರೋಪಿ ಹಲ್ಲೆ ನಡೆಸಿ ಪರಾರಿಯಾಗಲು ಯತ್ನಿಸಿದ, ಪೊಲೀಸರು ಆತ್ಮರಕ್ಷಣೆಗಾಗಿ ಗುಂಡು ಹಾರಿಸಿದರು." ಇಂಥ ಸುದ್ದಿಯನ್ನು ಪದೇ ಪದೇ ಓದುತ್ತೇವೆ. ಇದಕ್ಕೆ ಪೊಲೀಸರಿಗೆ ವಿಶೇಷ ಅಧಿಕಾರವಿದೆಯೇ?

ವಕೀಲೆಯ ಉತ್ತರ: ಆತ್ಮರಕ್ಷಣೆಯ ಮಟ್ಟಿಗೆ ಇಲ್ಲ. ನಿಮಗೂ ನನಗೂ ಇರುವ ಹಕ್ಕೇ ಅವರಿಗೂ ಇರುವುದು: ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳು, ಹಳೆಯ ಐಪಿಸಿಯ 96ರಿಂದ 106. ಎದುರಿನವನ ಹಲ್ಲೆಯಿಂದ ಸಾವು ಅಥವಾ ತೀವ್ರ ಗಾಯವಾದೀತೆಂಬ ಸಕಾರಣ ಭಯವಿದ್ದರೆ ಪ್ರಾಣ ತೆಗೆಯುವವರೆಗೂ ಹಕ್ಕು ಚಾಚುತ್ತದೆ. ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಭಯ ಕಳೆದ ಕ್ಷಣ ಹಕ್ಕೂ ಮುಗಿಯಿತು.

ನೀವು ಬರೆದ ಸುದ್ದಿಯಲ್ಲಿ 'ಹಲ್ಲೆ' ಮತ್ತು 'ಪರಾರಿ' ಒಂದೇ ಉಸಿರಿನಲ್ಲಿ ಬಂದಿವೆ. ನ್ಯಾಯಾಲಯ ಅವೆರಡನ್ನೂ ಬಿಡಿಸಿ ನೋಡುತ್ತದೆ. ಕಲ್ಲು ಎಸೆದು ಬೆನ್ನು ತೋರಿಸಿ ಓಡುತ್ತಿರುವವನಿಂದ ಯಾರ ಪ್ರಾಣಕ್ಕೆ ಆಪತ್ತು?

ಪ್ರಶ್ನೆ: ಹಾಗಾದರೆ ಓಡುವವನನ್ನು ನೋಡುತ್ತ ನಿಲ್ಲಬೇಕೇ?

ಉತ್ತರ: ಬೇಡ. ಬಂಧನಕ್ಕೆ ಅಗತ್ಯವಾದ ಎಲ್ಲ ಕ್ರಮಗಳನ್ನು ಕೈಗೊಳ್ಳಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿಯ ಬದಲಿಗೆ ಬಂದ ಕಾಯ್ದೆ) 43ನೇ ಕಲಂ ಅವಕಾಶ ಕೊಡುತ್ತದೆ. ಆದರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಗುರಿಯಾಗುವ ಅಪರಾಧದ ಆರೋಪವಿಲ್ಲದವನನ್ನು ಕೊಲ್ಲುವ ಹಕ್ಕು ಈ ಕಲಂನಿಂದ ಬರುವುದಿಲ್ಲ. ಬರೀ ಸರ ಕಿತ್ತುಕೊಂಡು ಓಡಿದವನಿಗೆ ಗರಿಷ್ಠ 3 ವರ್ಷ ಶಿಕ್ಷೆ; ಅವನನ್ನು ಕೊಲ್ಲುವ ಹಕ್ಕು ಈ ಕಲಂನಿಂದ ಸಿಗದು. ಕೊಲೆ ಆರೋಪಿಯಾದರೂ ಗುಂಡು ಹಾರಿಸದೆ ಹಿಡಿಯಲು ಸಾಧ್ಯವಿರಲಿಲ್ಲ ಎಂಬುದನ್ನು ತೋರಿಸಲೇಬೇಕು. ಈ ಕಲಂ ಕೊಲೆ ಆರೋಪಿಯನ್ನು ಕೊಲ್ಲಲು ಕೊಟ್ಟ ಪರವಾನಗಿ ಎಂಬಂತೆ ಕೆಲವರು ಮಾತನಾಡುತ್ತಾರೆ. ಅದು ತಪ್ಪು.

ಪ್ರಶ್ನೆ: ನನ್ನ ತಮ್ಮ ಪಿಎಸ್‌ಐ. ಕತ್ತಲಲ್ಲಿ ಮಚ್ಚು ಬೀಸುವವನ ಎದುರು ಕಲಂ ಎಣಿಸುತ್ತ ನಿಲ್ಲಲಾಗುತ್ತದೆಯೇ?

ಉತ್ತರ: ಇಲ್ಲ, ಸರ್. ಆ ಗಳಿಗೆಯ ಆತಂಕವನ್ನು ಚಿನ್ನದ ತಕ್ಕಡಿಯಲ್ಲಿಟ್ಟು ತೂಗಬಾರದೆಂದು ಸುಪ್ರೀಂ ಕೋರ್ಟೇ ಹೇಳಿದೆ. ಆತ್ಮರಕ್ಷಣೆಯನ್ನು ಸಾಬೀತು ಮಾಡುವ ಹೊಣೆ ನಿಮ್ಮ ತಮ್ಮನದಾದರೂ ಸಂಶಯಾತೀತ ಪುರಾವೆ ಬೇಕಿಲ್ಲ, ಹಾಗೆ ನಡೆದಿರುವ ಸಂಭವವೇ ಹೆಚ್ಚು ಎಂದು ತೋರಿಸಿದರೆ ಸಾಕು.

ನಡೆದದ್ದು ಆತ್ಮರಕ್ಷಣೆಯೇ ಎಂಬುದನ್ನು ಹೇಳುವುದು ಪತ್ರಿಕಾಗೋಷ್ಠಿಯಲ್ಲ, ಗಾಯ. ಗುಂಡು ಎದೆಗೆ ಹೊಕ್ಕಿತೋ ಬೆನ್ನಿಗೋ, ಗಾಯದ ಸುತ್ತ ಚರ್ಮದಲ್ಲಿ ಮದ್ದಿನ ಕಪ್ಪು ಕಲೆಗಳಿವೆಯೋ ಇಲ್ಲವೋ ಎಂಬುದರಿಂದ ದಿಕ್ಕು, ದೂರ ತಿಳಿಯುತ್ತದೆ. ಸಾವು ಸಂಭವಿಸಿದರೆ ಎಫ್‌ಐಆರ್, ಸಿಐಡಿ ಅಥವಾ ಬೇರೆ ಠಾಣೆಯ ತಂಡದಿಂದ ತನಿಖೆ, ಮ್ಯಾಜಿಸ್ಟ್ರೇಟ್ ವಿಚಾರಣೆ, ಗುಂಡು ಹಾರಿಸಿದ ಅಧಿಕಾರಿಯ ಆಯುಧವನ್ನು ಪರೀಕ್ಷೆಗೆ ಒಪ್ಪಿಸುವುದು, ಇವನ್ನೆಲ್ಲ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ಕೊಟ್ಟ ತೀರ್ಪು ವಿಧಿಸಿದೆ. ಘಟನೆಯ ಬೆನ್ನಿಗೇ ಬಡ್ತಿ, ಶೌರ್ಯ ಪ್ರಶಸ್ತಿ ಕೊಡುವಂತಿಲ್ಲ ಎಂದೂ ಹೇಳಿದೆ. ತೀವ್ರ ಗಾಯವಾದ ಪ್ರಕರಣಗಳಿಗೂ ಈ ನಿಯಮಗಳು ಸಾಧ್ಯವಾದಷ್ಟು ಅನ್ವಯಿಸುತ್ತವೆ. ನಮ್ಮಲ್ಲಿ 'ಗುಂಡು ಬಿದ್ದದ್ದು ಕಾಲಿಗೆ ತಾನೇ' ಎಂದು ಇದನ್ನು ಮರೆಯುವವರೇ ಹೆಚ್ಚು. ಪಾಲಿಸದಿದ್ದರೆ ಮೃತನ ಕುಟುಂಬದವರು ಸೆಷನ್ಸ್ ನ್ಯಾಯಾಧೀಶರಿಗೆ ದೂರು ಕೊಡಬಹುದು.